ನೆರಳು ನೋಡಿ ಗುಡ್ಡ ಹುಡುಕಿದವಳು

ನಮ್ಮ ಬ್ಲಾಕಿನ ಅರುಂಧತಿಯ ಹೆಸರಿನಲ್ಲಿ ಅಂಟಾರ್ಕ್ಟಿಕಾದಲ್ಲಿ ಒಂದು ಗುಡ್ಡವಿದೆ. ಈ ಮಾತನ್ನು ಹೇಳದೆ ಒಳಗಿಟ್ಟುಕೊಳ್ಳುವುದು ನನ್ನಿಂದ ಆಗುವುದಿಲ್ಲ. ಹಲ್ಲಿನ ಡಾಕ್ಟರಿಗೆ ಹೇಳಿದ್ದೇನೆ, ಟ್ಯಾಕ್ಸಿ ಓಡಿಸುವವರಿಗೆ ಹೇಳಿದ್ದೇನೆ, ನಾನು ಕೆಲಸ ಮಾಡುವ ಬ್ಯಾಂಕಿಗೆ ಬರುವ ಗಿರಾಕಿಗಳಲ್ಲಿ ಸ್ವಲ್ಪ ಪುರುಸೊತ್ತಾಗಿ ಕಂಡವರಿಗೆಲ್ಲ ಹೇಳಿದ್ದೇನೆ. ಕೇಳಿದವರು ಮೊದಲು ನಗುತ್ತಾರೆ. ಫೋನ್ ತೆಗೆದು ನಕ್ಷೆ ತೋರಿಸಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಸಿಂಗಾಪುರದ ಸೆಂಗ್‌ಕಾಂಗ್‌ನಲ್ಲಿ ಅವಳ ಮನೆ ನಮ್ಮ ಮನೆಗಿಂತ ಒಂದು ಮಹಡಿ ಮೇಲೆ. ನನ್ನ ಹೆಸರು ಶಕುಂತಲಾ. ಒಗೆದ ಬಟ್ಟೆ ಹಾಕಿದ ಬಿದಿರು ಕೋಲಿನಿಂದ ಅವಳ ಮಗಳ ಸಾಕ್ಸು ನಮ್ಮ ಕಿಟಕಿಯ ಮೇಲೆ ಬಿದ್ದು, ಅದನ್ನು ಕೊಡಲು ಹೋಗಿ ಅವಳ ಬಾಯಲ್ಲಿ ಕನ್ನಡ ಕೇಳಿ ಶುರುವಾದ ಸ್ನೇಹ ನಮ್ಮದು. ಅವಳು ಹುಟ್ಟಿ ಬೆಳೆದದ್ದು ಮೈಸೂರಿನ ಸರಸ್ವತೀಪುರಂನಲ್ಲಿ. ತಂದೆ ನಾಗಭೂಷಣ ಅಂಚೆ ಇಲಾಖೆಯವರು. ಮಾನಸಗಂಗೋತ್ರಿಯಲ್ಲಿ ಭೂಗೋಳ ಓದಿ ಚಿನ್ನದ ಪದಕ ತಗೊಂಡು, ದಿವಾಕರರನ್ನು ಮದುವೆಯಾಗಿ ಇಲ್ಲಿಗೆ ಬಂದಳು. ದಿವಾಕರ ಬಂದರಿನಲ್ಲಿ ಕ್ರೇನುಗಳ ರಿಪೇರಿ ನೋಡಿಕೊಳ್ಳುವ ಎಂಜಿನಿಯರ್. ದೊಡ್ಡ ದನಿ, ದೊಡ್ಡ ನಗು, ಮನೆಗೆ ಬಂದವರನ್ನು ಊಟ ಮಾಡಿಸದೆ ಕಳಿಸುವ ಪೈಕಿಯಲ್ಲ. ಮಗಳು ವರ್ಣಿಕಾ ಇಲ್ಲೇ ಹುಟ್ಟಿದವಳು.

ವರ್ಣಿಕಾ ಶಾಲೆಗೆ ಹೋಗುವಷ್ಟಾದ ಮೇಲೆ ಅರುಂಧತಿ ಜುರಾಂಗ್ ಈಸ್ಟಿನ ಒಂದು ಚಿಕ್ಕ ನಕ್ಷೆ ಕಂಪನಿಗೆ ಸೇರಿದಳು. ದ್ವೀಪದ ಆ ತುದಿಯಿಂದ ಈ ತುದಿಗೆ ದಿನಾ ಎಂಆರ್‌ಟಿ ರೈಲು. ಮೊದಮೊದಲು ಅವಳು ಬಿಡಿಸಿದ್ದು ಈ ಊರನ್ನೇ: ಮಳೆನೀರಿನ ಕಾಲುವೆ, ಬ್ಲಾಕಿನಿಂದ ಬಸ್‌ಸ್ಟಾಪಿಗೆ ಹೋಗುವ ಸೂರಿನ ದಾರಿ, ಸಮುದ್ರ ತುಂಬಿಸಿ ಮಾಡಿದ ಹೊಸ ನೆಲ. ಬರುಬರುತ್ತಾ ಅವಳ ಕೈ ಆ ಆಫೀಸಿನಲ್ಲೇ ಅತ್ಯಂತ ನಂಬಿಕೆಯ ಕೈ ಎಂದು ಹೆಸರಾಯಿತು. ಆಮೇಲೆ, ನಾಲ್ಕೈದು ವರ್ಷದ ಹಿಂದೆ, ಉತ್ತರ ಯುರೋಪಿನ ಒಂದು ದೇಶದ ಧ್ರುವ ಸಂಸ್ಥೆ ಅಂಟಾರ್ಕ್ಟಿಕಾದ ತನ್ನ ಹಳೆಯ ನಕ್ಷೆಗಳನ್ನು ಹೊಸದಾಗಿ ಮಾಡಿಸಲು ಹೊರಟಿತು. ಆ ಕೆಲಸದ ಒಂದು ಪಾಲು ಇವರ ಕಂಪನಿಗೆ ಬಂತು. ಕಂಪನಿಯ ಮುಖ್ಯಸ್ಥ ಗೋಪಿನಾಥ್ ಅದನ್ನು ತಂದು ಇಟ್ಟದ್ದು ಅರುಂಧತಿಯ ಮೇಜಿನ ಮೇಲೆ.

ಎಂಆರ್‌ಟಿಯ ಎಸಿಗೇ ಶಾಲು ಹೊದೆಯುವವಳು ನನ್ನ ಗೆಳತಿ. ಹಿಮವನ್ನು ಜನ್ಮದಲ್ಲಿ ಕಂಡವಳಲ್ಲ. ಆದರೆ ಉಪಗ್ರಹದ ಚಿತ್ರಗಳಲ್ಲಿ ಹಿಮ ನೋಡಿ ನೋಡಿ, ಗಾಳಿ ಗುಡಿಸಿದ ಹಿಮ ಯಾವುದು, ಬಿರುಕು ಮುಚ್ಚಿಕೊಂಡ ಹಿಮ ಯಾವುದು, ಹಿಮದ ಹಾಗೆ ನಟಿಸುವ ಮೋಡ ಯಾವುದು ಎಂದು ಅವಳು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಹೇಳುವಳು. ಆ ಸೀಮೆಯಲ್ಲಿ ಬೆಟ್ಟಗಳು ಕತ್ತಿನವರೆಗೆ ಹಿಮದಲ್ಲಿ ಹೂತಿರುತ್ತವೆ. ತಲೆ ಮಾತ್ರ ಹೊರಗೆ. ಆ ತಲೆಗೆ ಅವರ ಕಸುಬಿನಲ್ಲಿ ನೂನಾಟಕ್ ಎನ್ನುತ್ತಾರಂತೆ. ದಿವಾಕರ ಆ ಮಾತು ಮೊದಲು ಕೇಳಿದ ದಿನ ನಾನೂ ಅಲ್ಲಿದ್ದೆ.

"ನೂನಾಟಕ್ಕಾ? ಇದ್ಯಾವ ಹೊಸ ನಾಟಕ ಕಣೇ?" ಎಂದು ಅವರು ನಕ್ಕರು.

"ನಗಿ ನಗಿ. ಮೋಡ ಮುಚ್ಚಿದಾಗ ಅಲ್ಲಿ ಪೈಲಟ್‌ಗೆ ದಿಕ್ಕು ಅಂತ ಇರೋದು ನಕ್ಷೆ ಒಂದೇ. ನಾನು ಒಂದು ಗುಡ್ಡ ತಪ್ಪು ಜಾಗದಲ್ಲಿ ಇಟ್ರೆ ಪ್ಲೇನ್ ಹೋಗಿ ಅದಕ್ಕೇ ಹೊಡೆಯುತ್ತೆ," ಎಂದಳು ಅರುಂಧತಿ. ನಗು ನಿಂತಿತು.

ಒಂದು ಸಂಜೆ ಬ್ಲಾಕಿನ ಬುಡದ ಖಾಲಿ ಜಾಗವಾದ ವಾಯ್ಡ್ ಡೆಕ್ಕಿನಲ್ಲಿ ಲಿಫ್ಟಿಗೆ ಕಾಯುತ್ತಿದ್ದಾಗ ಅವಳ ಮುಖ ಪೆಚ್ಚಾಗಿತ್ತು. ಏನಾಯಿತು ಎಂದು ಕೇಳಿದೆ.

"ಒಂದು ಗುಡ್ಡ ಕಳ್ದೋಗಿದೆ ಕಣೇ," ಎಂದಳು.

ಅರವತ್ತು ವರ್ಷದ ಹಿಂದೆ ವಿಮಾನದಿಂದ ಫೋಟೋ ತೆಗೆದು ಮಾಡಿದ ನಕ್ಷೆಯಲ್ಲಿ ಹಾಲ್ವರ್‌ಸನ್ ಎಂಬ ಒಂಟಿ ಗುಡ್ಡವೊಂದು ಇತ್ತು. ಹಾಲ್ವರ್‌ಸನ್ ಎಂದರೆ ಹಿಂದಿನ ಕಾಲದ ಒಂದು ಹಡಗಿನ ಬಡಗಿ. ಈಗಿನ ಉಪಗ್ರಹದ ಚಿತ್ರದಲ್ಲಿ ಅದೇ ಜಾಗದಲ್ಲಿ ಬರೀ ಬಿಳಿ. ಗುಡ್ಡದ ಸುಳಿವೇ ಇಲ್ಲ. ಇಂಥ ಸಂದರ್ಭಕ್ಕೆ ನಿಯಮ ಸುಲಭವಾಗಿತ್ತು: ಜಾಗ ಅನುಮಾನ ಎಂದು ಗುರುತು ಹಾಕಿ ಅಳಿಸಿಬಿಡುವುದು.

"ಹಾಗಾದ್ರೆ ಅಳಿಸು. ನಿನಗ್ಯಾಕೆ ತಲೆಬಿಸಿ?"

"ಹೆಂಗೆ ಅಳಿಸ್ಲಿ? ಫೋಟೋದಲ್ಲಿ ಗುಡ್ಡ ಇದೆ. ಫೋಟೋ ಸುಳ್ಳು ಹೇಳಲ್ಲ. ಅಂದ್ರೆ ಗುಡ್ಡ ಎಲ್ಲೋ ಇದೆ, ನಾವು ಹುಡುಕ್ತಿರೋ ಜಾಗ ತಪ್ಪು."

ಗೋಪಿನಾಥ್ ಕೆಟ್ಟವರಲ್ಲ, ಆದರೆ ಕಂಪನಿ ನಡೆಸುವವರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, "ಅರುಂಧತಿ, ಅವರು ನಮ್ಮನ್ನು ಕೇಳಿರುವುದು ಬಿಡಿಸಿ ಎಂದು, ಪತ್ತೆ ಮಾಡಿ ಎಂದಲ್ಲ. ಈ ಹಾಳೆ ತಿಂಗಳ ಕೊನೆಗೆ ಹೋಗಬೇಕು," ಎಂದರಂತೆ. ಆದರೂ ಉಪಗ್ರಹದ ಚಿತ್ರಗಳನ್ನು ಮನೆಗೆ ಒಯ್ಯಲು ಒಪ್ಪಿಗೆ ಕೊಟ್ಟರು. "ನಿಮ್ಮ ಶನಿವಾರಗಳು ನಿಮ್ಮವು."

ಹಾಗೆ ಅವಳ ಶನಿವಾರಗಳು ಹಾಲ್ವರ್‌ಸನ್ನನ ಪಾಲಾದವು. ಬೆಳಗ್ಗೆ ದಿವಾಕರ ಮಾರ್ಕೆಟ್ಟಿಗೆ ಹೋದ ಕೂಡಲೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುವಳು. ನಾನು ಕಾಫಿ ನೆಪದಲ್ಲಿ ಮೇಲೆ ಹೋಗಿ ಕೂರುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ಬಿಳಿ ಗೋಡೆಯ ಮೇಲೆ ಸುಣ್ಣ ಬಳಿದಂಥ ಚಿತ್ರ. ಅವಳು ಮಾತ್ರ ಅದರಲ್ಲಿ ಊರು ಕಂಡವಳ ಹಾಗೆ ಓಡಾಡುವಳು.

ಅವಳ ತರ್ಕ ಹೀಗಿತ್ತು. ಆ ಹಳೇ ವಿಮಾನಕ್ಕೆ ಈಗಿನ ಹಾಗೆ ಜಾಗ ತಿಳಿಸುವ ಯಂತ್ರ ಇರಲಿಲ್ಲ. ಇಷ್ಟು ಹೊತ್ತು, ಇಷ್ಟು ವೇಗದಲ್ಲಿ, ಈ ದಿಕ್ಕಿಗೆ ಹಾರಿದ್ದೇವೆ, ಆದ್ದರಿಂದ ಇಲ್ಲಿದ್ದೇವೆ ಎಂದು ಲೆಕ್ಕ ಹಾಕಬೇಕು. ಪಕ್ಕದಿಂದ ಗಾಳಿ ಬೀಸಿ ವಿಮಾನವನ್ನು ಒತ್ತಿದ್ದರೆ ಪೈಲಟ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಆಗ ತಪ್ಪುವುದು ಒಂದೇ ಗುಡ್ಡವಲ್ಲ. ಆ ಹಾರಾಟದಲ್ಲಿ ತೆಗೆದ ಫೋಟೋಗಳೆಲ್ಲ ಒಟ್ಟಿಗೆ, ಒಂದೇ ಕಡೆಗೆ ಸರಿದಿರುತ್ತವೆ. ಅವಳು ಅದೇ ಹಾರಾಟದ ಬೇರೆ ಬಂಡೆಗಳನ್ನು ಹುಡುಕಿ ಅಳೆದಳು. ಮೊದಲನೆಯದು ನಕ್ಷೆಯಲ್ಲಿದ್ದ ಜಾಗಕ್ಕಿಂತ ಪೂರ್ವಕ್ಕಿತ್ತು. ಎರಡನೆಯದೂ ಪೂರ್ವಕ್ಕೆ. ಮುಂದೆ ಹೋದಂತೆ ತಪ್ಪು ಬೆಳೆಯುತ್ತಾ ಹೋಗಿತ್ತು.

"ಹಾಗಾದ್ರೆ ಹಾಲ್ವರ್‌ಸನ್ ಇಲ್ಲಿ ಸಿಗಬೇಕು," ಎಂದು ಬೆರಳಿಟ್ಟಳು. ಸಿಕ್ಕಿತು! ಹಳೆಯ ಜಾಗದಿಂದ ಒಂಬತ್ತು ಕಿಲೋಮೀಟರ್ ಪೂರ್ವಕ್ಕೆ, ಬೆನ್ನ ತುಂಬ ಹಿಮ ಹೊತ್ತುಕೊಂಡು, ಒಂದು ಕಡೆ ಸ್ವಲ್ಪ ಬಂಡೆ ತೋರಿಸಿಕೊಂಡು ಬಡಗಿಯ ಗುಡ್ಡ ಕೂತಿತ್ತು.

ಅಷ್ಟಕ್ಕೇ ಅವಳು ಲ್ಯಾಪ್‌ಟಾಪ್ ಮುಚ್ಚಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಹಾಲ್ವರ್‌ಸನ್ನನ ಪಕ್ಕದಲ್ಲಿ, ಅದರ ನೆರಳು ಮುಗಿಯುವ ಜಾಗದಿಂದ ಆಚೆಗೆ, ಇನ್ನೊಂದು ನೆರಳಿತ್ತು. ಉದ್ದವಾಗಿ, ತುದಿ ಮೊಂಡಾಗಿ, ಹಿಮದ ಮೇಲೆ ಮಸಿ ಎಳೆದ ಹಾಗೆ. ಅದಕ್ಕೊಂದು ಗುಡ್ಡ ಮಾತ್ರ ಕಾಣಲಿಲ್ಲ.

"ನೆರಳಿದೆ, ಗುಡ್ಡ ಇಲ್ಲ," ಎಂದಳು.

ಅರ್ಧ ಗಂಟೆ ಚಿತ್ರವನ್ನು ದೊಡ್ಡದು ಮಾಡಿದಳು, ಚಿಕ್ಕದು ಮಾಡಿದಳು, ಬೆಳಕು ಹೆಚ್ಚಿಸಿದಳು. ಕೊನೆಗೆ ತಾನೇ ತಾನಾಗಿ ನಕ್ಕಳು. ಬಿಸಿಲು ಬೀಳುವ ಮೈಗೆಲ್ಲ ಹಿಮ ಅಂಟಿಕೊಂಡಿತ್ತು. ಬಿಳಿಯ ಮೇಲೆ ಬಿಳಿ, ಕಾಣುವುದಾದರೂ ಹೇಗೆ? ಬರೀ ಬಂಡೆ ಇದ್ದದ್ದು ನೆರಳಿನ ಕಡೆಗೆ. ಕಪ್ಪಿನಲ್ಲಿ ಕಪ್ಪು ಸೇರಿಹೋಗಿತ್ತು. ಸೂರ್ಯ ಇನ್ನೂ ಕೆಳಗಿದ್ದಾಗ ತೆಗೆದ ಹಳೆಯ ಫೋಟೋದಲ್ಲಂತೂ ಅದು ಹಾಲ್ವರ್‌ಸನ್ನನ ನೆರಳಿನೊಳಗೇ ಮುಳುಗಿತ್ತು. ಹಾಗಾಗಿ ಇಲ್ಲಿಯವರೆಗೆ ಯಾವ ನಕ್ಷೆಯಲ್ಲೂ ಆ ಗುಡ್ಡವಿರಲಿಲ್ಲ.

ಅಷ್ಟು ಹೊತ್ತಿಗೆ ವರ್ಣಿಕಾ ಎದ್ದು ಬಂದಳು. ಆಗ ಅವಳು ಜೂನಿಯರ್ ಕಾಲೇಜಿನಲ್ಲಿದ್ದಳು. ಅಮ್ಮನ ಹೆಗಲ ಮೇಲಿಂದ ನೋಡಿ, "ನೆರಳಿನ ಲೆಂಗ್ತ್ ಗೊತ್ತಾ?" ಎಂದು ಕೇಳಿದಳು.

"ಗೊತ್ತು. ಎಂಟುನೂರು ಮೀಟರ್ ಹತ್ತಿರ ಇದೆ."

"ಸೂರ್ಯ ಎಷ್ಟು ಹೈಟಲ್ಲಿದ್ದ ಅಂತಾನೂ ಗೊತ್ತಾ?"

"ಅದೂ ಚಿತ್ರದ ಜೊತೆಗೇ ಬರುತ್ತೆ. ಹತ್ತು ಡಿಗ್ರಿ."

"ಅಮ್ಮಾ, ಅಷ್ಟೇ ತಾನೆ? ಟ್ಯಾನ್ ಥೀಟಾ ಲಾ!" ಎಂದಳು, ಇಲ್ಲಿನ ಮಕ್ಕಳ ಹಾಗೆ ಮಾತಿನ ಕೊನೆಗೊಂದು ಲಾ ಸೇರಿಸಿ.

"ಅದು ನಂಗೂ ಗೊತ್ತು ಕಣೇ, ನಿನ್ನ ಬಾಯಲ್ಲಿ ಕೇಳೋಣ ಅಂತ ಸುಮ್ನಿದ್ದೆ," ಎಂದಳು ಅರುಂಧತಿ. ತಾಯಿ ಮಗಳು ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಮಾಡಿದರು. ಹಿಮದ ಮೇಲೆ ಕಾಣುವ ಎತ್ತರ ನೂರ ನಲವತ್ತು ಮೀಟರ್ ಆಸುಪಾಸು. ನಮ್ಮ ಬ್ಲಾಕನ್ನು ಒಂದರ ಮೇಲೊಂದು ಮೂರು ಸಲ ಇಟ್ಟಷ್ಟು.

ಅವಳು ಇದನ್ನೆಲ್ಲ ಬರೆದು ಕಳಿಸಿದಳು. ಆ ಸಂಸ್ಥೆಯಲ್ಲಿ ನಕ್ಷೆಗಳನ್ನು ಕೊನೆಯದಾಗಿ ಒಪ್ಪುವವರು ಐವಿಂಡ್ ಎಂಬ ಹಿರಿಯರು. ಆ ಸೀಮೆಗೆ ಖುದ್ದಾಗಿ ಹೋಗಿ ಬಂದವರು. ಹಾಲ್ವರ್‌ಸನ್ ಸರಿದಿರುವುದನ್ನು ಅವರು ಒಪ್ಪಿದರು, ಹೊಗಳಿದರು. ಎರಡನೆಯದನ್ನು ಒಪ್ಪಲಿಲ್ಲ. ಅದು ಮೋಡದ ನೆರಳಿರಬೇಕು, ಇಂಥವು ಬಹಳ ಬರುತ್ತವೆ, ಬಿಟ್ಟುಬಿಡಿ ಎಂದು ಮರ್ಯಾದೆಯಾಗಿ ಬರೆದರು.

ಗೋಪಿನಾಥ್ ಕೂಡ ಬಿಡಿ ಎಂದರು. ಅರುಂಧತಿ ಬಿಡಲಿಲ್ಲ. ಅವಳು ಜಗಳ ಕಾಯುವ ಪೈಕಿಯಲ್ಲ. ದನಿ ಏರಿಸಿದ್ದನ್ನು ನಾನು ಕಂಡೇ ಇಲ್ಲ. ಆದರೆ ಗೊತ್ತಿರುವುದನ್ನು ಗೊತ್ತಿಲ್ಲ ಎಂದು ಹೇಳಲು ಅವಳಿಗೆ ಬರುವುದಿಲ್ಲ. ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ತೆಗೆದಳು. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಮೊಂಡು ತುದಿಯ ನೆರಳು. ಬೇಸಿಗೆಯ ನಡುವೆ ಸೂರ್ಯ ಮೇಲಿದ್ದಾಗ ಗಿಡ್ಡ, ಬೇಸಿಗೆಯ ಕೊನೆಗೆ ಸೂರ್ಯ ಇಳಿದಾಗ ಉದ್ದ. ಯಾವ ಚಿತ್ರದಿಂದ ಲೆಕ್ಕ ಮಾಡಿದರೂ ಎತ್ತರ ಒಂದೇ ಬಂತು. ಅವಳು ಐವಿಂಡರಿಗೆ ಬರೆದ ಉತ್ತರದ ಸಾರ ನನಗೆ ಬಾಯಿಪಾಠ ಆಗಿದೆ: ಮೋಡ ಪ್ರತಿ ವರ್ಷ ಬಂದು ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ, ಅದೇ ಆಕಾರದಲ್ಲಿ ನಿಲ್ಲುವುದಾದರೆ ಅದನ್ನೂ ನಕ್ಷೆಗೆ ಹಾಕಬೇಕಾಗುತ್ತದೆ. ಕೆಳಗೆ ಇನ್ನೊಂದು ಸಾಲು: ನಿಮ್ಮ ಹೊಸ ವಿಮಾನದಾರಿ ಇದರ ಮೇಲೇ ಹಾದುಹೋಗುತ್ತದೆ, ದಯವಿಟ್ಟು ಒಮ್ಮೆ ಹೋಗಿ ನೋಡಿ.

ಆ ಸಾಲು ಕೆಲಸ ಮಾಡಿತು. ವಿಮಾನದಾರಿಯ ಮಾತು ಬಂದ ಮೇಲೆ ಐವಿಂಡ್ ಹಟ ಹಿಡಿಯಲಿಲ್ಲ. ಆ ವರ್ಷ ಅಲ್ಲಿನ ಬೇಸಿಗೆಯಲ್ಲಿ, ಎಂದರೆ ನಮ್ಮ ಜನವರಿಯಲ್ಲಿ, ಸಾಮಾನು ಸಾಗಿಸುವ ಒಂದು ಚಿಕ್ಕ ವಿಮಾನಕ್ಕೆ ಸ್ವಲ್ಪ ಸುತ್ತು ಹಾಕಿ ಬರಲು ಹೇಳಿದರು.

ಫೋಟೋ ಬಂದ ದಿನ ಅರುಂಧತಿ ನನಗೆ ಬ್ಯಾಂಕಿಗೇ ಫೋನ್ ಮಾಡಿದಳು. "ಇದೆ ಕಣೇ. ಇದೆ," ಎಂದಳು, ಅಷ್ಟೇ. ಹಿಂದೆ ಅವಳ ಆಫೀಸಿನವರೆಲ್ಲ ಚಪ್ಪಾಳೆ ತಟ್ಟುತ್ತಿದ್ದದ್ದು ಕೇಳಿಸುತ್ತಿತ್ತು. ಗೋಪಿನಾಥ್ ಎಲ್ಲರಿಗೂ ಕೆಳಗಿನ ಹಾಕರ್ ಸೆಂಟರಿನಿಂದ ಊಟ ತರಿಸಿದರಂತೆ. ಸಂಜೆ ನಾನೂ ಆ ಫೋಟೋ ನೋಡಿದೆ. ವಿಮಾನ ನೆರಳಿನ ಕಡೆಯಿಂದ ಬಳಸಿ ಬಂದಿತ್ತು. ಕಂದು ಬಣ್ಣದ ಕಡಿದಾದ ಬಂಡೆ, ನೆತ್ತಿಯ ಮೇಲೆ ಹಿಮದ ಟೋಪಿ, ಸುತ್ತ ಕಣ್ಣು ಹಾಯುವಷ್ಟು ದೂರ ಬಿಳಿ. ಇಂಥದ್ದೊಂದು ಇದೆ ಎಂದು ಸೆಂಗ್‌ಕಾಂಗಿನ ಊಟದ ಮೇಜಿನಲ್ಲಿ ಕೂತು ಹೇಳಿದ ಮೊದಲನೆಯವಳು ನನ್ನ ಪಕ್ಕದಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು.

ಮಾರ್ಚಿನಲ್ಲಿ ಐವಿಂಡರಿಂದ ಇನ್ನೊಂದು ಮೇಲ್ ಬಂತು. ಅವರ ದೇಶದಲ್ಲಿ ಧ್ರುವದ ಜಾಗಗಳಿಗೆ ಹೆಸರಿಡಲು ಒಂದು ಸಮಿತಿಯಿದೆ, ಅದಕ್ಕೆ ಐವಿಂಡರೇ ಕಾರ್ಯದರ್ಶಿ. ಹೊಸ ಗುಡ್ಡಕ್ಕೆ ಅದನ್ನು ಕಂಡುಹಿಡಿದವರ ಹೆಸರನ್ನೇ ಇಡಲು ಸಮಿತಿ ಯೋಚಿಸಿದೆ. ನಿಮ್ಮ ಒಪ್ಪಿಗೆ ಬೇಕು. ಹೆಸರು: ದಿವಾಕರ ಗುಡ್ಡ.

ಇದು ಆದದ್ದು ಹೀಗೆ. ಮದುವೆಗೆ ಮುಂಚೆ ಅವಳು ಬಿ. ಎನ್. ಅರುಂಧತಿ. ಬಿ ಎಂದರೆ ಬನ್ನೂರು, ಎನ್ ಎಂದರೆ ನಾಗಭೂಷಣ. ನಮ್ಮ ಕಡೆ ಅಷ್ಟೇ ತಾನೆ? ಮನೆತನದ ಹೆಸರು ಎಂದು ಬೇರೆ ಯಾವುದೂ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟ್ ಸರ್‌ನೇಮ್ ಜಾಗ ಖಾಲಿ ಬಿಡಬಾರದು ಎಂದು ಗಂಡನ ಹೆಸರು ತುಂಬಿಸಿದ. ಅಂದಿನಿಂದ ಸಿಂಗಾಪುರದ ಕಾಗದಗಳಲ್ಲೆಲ್ಲ ಅವಳು ಅರುಂಧತಿ ದಿವಾಕರ. ಕ್ಲಿನಿಕ್ಕಿನಲ್ಲಿ ಮಿಸೆಸ್ ದಿವಾಕರ ಎಂದು ಕೂಗಿದರೆ ಎದ್ದು ಹೋಗುವುದು ಅಭ್ಯಾಸವಾಗಿತ್ತು.

ಮೇಲ್ ಓದಿ ದಿವಾಕರ ಕುಣಿದುಬಿಟ್ಟರು. ಹೆಂಡತಿಯ ಮೇಲಿನ ಹೆಮ್ಮೆಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹೇಳುವಾಗ ಅದು ದಿವಾಕರ ಗುಡ್ಡ ಎಂದೇ ಹೊರಟಿತು. ಮೈಸೂರಿನ ಅಣ್ಣನಿಗೆ, ಬಂದರಿನ ಗೆಳೆಯರಿಗೆ, ಕನ್ನಡದವರ ವಾಟ್ಸಾಪ್ ಗುಂಪಿಗೆ, "ನಮ್ಮ ಹೆಸರಲ್ಲಿ ಒಂದು ಗುಡ್ಡ!" ಎಂದು ಹೋಯಿತು. ಅರುಂಧತಿ ಮಾತ್ರ ಐವಿಂಡರಿಗೆ ಉತ್ತರ ಬರೆಯದೆ ಹಾಗೇ ಇಟ್ಟುಕೊಂಡಳು.

ಆ ಭಾನುವಾರ ಯುಗಾದಿ ಊಟ. ನಾವು ಕನ್ನಡದ ಕೆಲವು ಕುಟುಂಬದವರು ಕಮ್ಯುನಿಟಿ ಕ್ಲಬ್ಬಿನ ಹಾಲ್ ಬುಕ್ ಮಾಡಿ ಒಟ್ಟಿಗೆ ಉಣ್ಣುವುದು ವಾಡಿಕೆ. ದಿವಾಕರ ಒಳಗೆ ಬರುತ್ತಿದ್ದಂತೆ ಗಂಡಸರು ಎದ್ದು ಕೈಕುಲುಕಿದರು. "ಏನ್ಸಾರ್, ಅಂಟಾರ್ಕ್ಟಿಕಾದಲ್ಲೇ ಪ್ರಾಪರ್ಟಿ ಮಾಡ್ಬಿಟ್ರಲ್ಲ!" ಎಂದರು. ಒಬ್ಬರು ಶಾಲು ಹೊದಿಸಿದರು. ಫೋಟೋ ತೆಗೆದರು. ಅರುಂಧತಿ ಆ ಹೊತ್ತಿಗೆ ಎಲೆಗೆ ಒಬ್ಬಟ್ಟು ಬಡಿಸುತ್ತಿದ್ದಳು. ಯಾರೋ ಅವಳನ್ನೂ ಕರೆದು ಫೋಟೋದ ಒಂದು ಪಕ್ಕಕ್ಕೆ ನಿಲ್ಲಿಸಿದರು. ಕೈಯಲ್ಲಿ ತುಪ್ಪದ ಚಮಚ ಹಾಗೇ ಇತ್ತು.

ಮನೆಗೆ ನಡೆದು ಬರುವಾಗ ನಾನೂ ಜೊತೆಗಿದ್ದೆ. ಮೊದಲು ಸಿಡಿದವಳು ವರ್ಣಿಕಾ.

"ಅಪ್ಪಾ, ನಿಮಗ್ಯಾಕೆ ಕಂಗ್ರಾಟ್ಸ್ ಹೇಳ್ತಾರೆ ಎಲ್ರೂ? ನೀವೇನೂ ಮಾಡಿಲ್ಲ ಲಾ!"

"ಏಯ್, ಗಂಡ ಹೆಂಡ್ತಿ ಅಂದ್ಮೇಲೆ ಇಬ್ರೂ ಒಂದೇ ಅಲ್ವೇನೆ?" ಎಂದರು ದಿವಾಕರ, ಶಾಲು ಇನ್ನೂ ಹೆಗಲ ಮೇಲಿತ್ತು.

ಅರುಂಧತಿ ನಿಂತಳು. "ಇಬ್ರೂ ಒಂದೇ ಆದ್ರೆ ನನ್ನ ಹೆಸ್ರೇ ಇರ್ಲಿ ಬಿಡಿ," ಎಂದಳು.

ಅವಳೇ ಮುಂದುವರಿಸಿದಳು. ದನಿ ಎಂದಿನಂತೆ ಮೆತ್ತಗೇ ಇತ್ತು. "ರೀ, ನಿಮಗೆ ಬೇಜಾರು ಮಾಡ್ಬೇಕು ಅಂತಲ್ಲ. ಆ ಗುಡ್ಡ ಹುಡುಕಿದ್ದು ನಾನು. ಎಲ್ರೂ ಬಿಡು ಅಂದಾಗ ಬಿಡದೇ ಇದ್ದದ್ದು ನಾನು. ನಾಳೆ ಯಾರೋ ಆ ಹೆಸರು ಓದಿ, ದಿವಾಕರ ಅಂದ್ರೆ ಯಾರು ಅಂತ ಕೇಳಿದ್ರೆ, ಬಂದರಿನ ಎಂಜಿನಿಯರ್ ಅಂತ ಹೇಳೋದಾ? ನಂಗೆ ನನ್ನ ಹೆಸರು ಬೇಕು. ಆಸೆ ಅನ್ನಿ, ಜಂಬ ಅನ್ನಿ, ಏನಾದ್ರೂ ಅನ್ನಿ."

ದಿವಾಕರರ ಮುಖ ಸಣ್ಣಗಾಯಿತು. ಲಿಫ್ಟಿನಲ್ಲಿ ಅವರು ಮಹಡಿಯ ಅಂಕೆಗಳನ್ನೇ ನೋಡುತ್ತಾ ನಿಂತರು. ನಾನು ನನ್ನ ಮಹಡಿಯಲ್ಲಿ ಇಳಿದುಕೊಂಡೆ. ಮನೆಯಲ್ಲಿ ಏನಾಗುತ್ತದೋ ಎಂದು ನನಗೆ ಅಳುಕೇ ಆಗಿತ್ತು.

ಏನೂ ಆಗಲಿಲ್ಲ. ಮರುದಿನ ಬೆಳಗ್ಗೆ ನಾನು ಎಲ್‌ಆರ್‌ಟಿ ರೈಲಿನಲ್ಲಿ ನಿಂತಿದ್ದಾಗ ವಾಟ್ಸಾಪ್ ಗುಂಪಿನಲ್ಲಿ ದಿವಾಕರರ ಸಂದೇಶ ಬಂತು. "ಒಂದು ತಿದ್ದುಪಡಿ. ಗುಡ್ಡ ನನ್ನದಲ್ಲ, ನನ್ನ ಹೆಂಡತಿ ಅರುಂಧತಿಯದು. ನಾನು ಜೀವಮಾನದಲ್ಲಿ ಮನೆಯ ಫ್ರಿಜ್ಜಿನ ಹಿಮ ಕೂಡ ಕೆರೆದವನಲ್ಲ. ಶಾಲು ಅವಳಿಗೆ ಕೊಟ್ಟಿದ್ದೇನೆ." ಆಮೇಲೆ ಅರುಂಧತಿ ಹೇಳಿದಳು: ಅವರು ಬೆಳಗ್ಗೆ ಕಾಫಿ ಲೋಟ ಅವಳ ಮುಂದೆ ಇಟ್ಟು, "ನೀನು ಹೇಳಿದ್ದು ಸರಿ ಕಣೇ. ನಂಗೆ ಖುಷೀಲಿ ಹೊಳೀಲೇ ಇಲ್ಲ. ಅವರಿಗೆ ಬರಿ," ಎಂದರಂತೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಅಷ್ಟು ಬೇಗ ಸೋಲೊಪ್ಪಿದ್ದು ಅದೇ ಮೊದಲಂತೆ.

ಬರೆದಳು. ಐವಿಂಡ್ ವಿಡಿಯೋ ಕಾಲ್ ಮಾಡೋಣ ಎಂದರು. ಇಬ್ಬರೂ ಇಂಗ್ಲಿಷಿನಲ್ಲಿ ಆಡಿದ ಮಾತನ್ನು ಅವಳು ನನಗೆ ಹೇಳಿದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

"ನಮ್ಮ ಪದ್ಧತಿಯಲ್ಲಿ ಸಂಶೋಧಕರ ಮನೆತನದ ಹೆಸರನ್ನೇ ಇಡುವುದು," ಎಂದು ಐವಿಂಡ್ ಶುರುಮಾಡಿದರು.

"ನಮ್ಮಲ್ಲಿ ಮನೆತನದ ಹೆಸರೇ ಇಲ್ಲ. ನನಗಿರುವುದು ಒಂದೇ ಹೆಸರು. ಇನ್ನೊಂದು ನನ್ನ ಗಂಡನದು."

"ಸಮಿತಿಯಲ್ಲಿ ಕೆಲವರು ಕೇಳಬಹುದು. ಬರೀ ಮೊದಲ ಹೆಸರು ಇಟ್ಟರೆ ಗೌರವ ಕಡಿಮೆಯಾಗುವುದಿಲ್ಲವೇ ಎಂದು."

ಈ ಪ್ರಶ್ನೆ ಬರುತ್ತದೆ ಎಂದು ಅರುಂಧತಿಗೆ ಗೊತ್ತಿತ್ತು. ಆ ಖಂಡದ ಹೆಸರುಗಳ ಜೊತೆ ಅವಳು ವರ್ಷಗಟ್ಟಲೆ ಬಾಳಿದ್ದಾಳೆ. "ನಿಮ್ಮ ನಕ್ಷೆಗಳಲ್ಲೇ ನೋಡಿ," ಎಂದಳು. "ಹಿಂದಿನ ಅನ್ವೇಷಕರು ತಮ್ಮ ಹೆಂಡತಿಯರ, ಹೆಣ್ಣುಮಕ್ಕಳ ಮೊದಲ ಹೆಸರುಗಳನ್ನು ಎಷ್ಟು ಕಡೆ ಇಟ್ಟಿದ್ದಾರೆ! ತೀರಕ್ಕೆ, ಬೆಟ್ಟಕ್ಕೆ, ಕೊಲ್ಲಿಗೆ. ಅವು ಯಾವುವೂ ಗೌರವ ಕಡಿಮೆಯ ಹೆಸರುಗಳಲ್ಲ. ಆ ಹೆಂಗಸರಿಗೆ ಗಂಡನೋ ತಂದೆಯೋ ಪ್ರೀತಿಯಿಂದ ಕೊಟ್ಟದ್ದು ಅದು. ನನ್ನದು ನಾನು ಕೆಲಸ ಮಾಡಿ ಪಡೆದದ್ದು. ಅವರಿಗೆ ಸಲ್ಲುವುದು ನನಗೆ ಯಾಕೆ ಸಲ್ಲಬಾರದು?"

ಐವಿಂಡ್ ಕನ್ನಡಕ ಸರಿಮಾಡಿಕೊಂಡು ಪೆನ್ನು ತೆಗೆದುಕೊಂಡರಂತೆ. ಆಮೇಲೆ, "ಆ ಹೆಸರನ್ನು ನಿಧಾನವಾಗಿ ಹೇಳಿ. ನಮ್ಮ ಪೈಲಟ್ಟುಗಳು ರೇಡಿಯೋದಲ್ಲಿ ಹೇಳಬೇಕಾಗುತ್ತದೆ," ಎಂದರು.

"ಅ-ರುಂ-ಧ-ತಿ."

ಅವರು ನಾಲ್ಕೈದು ಸಲ ಪ್ರಯತ್ನಿಸಿದರು. ದ ಬರುತ್ತಿತ್ತು, ಧ ಬರುತ್ತಿರಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು ಉಸಿರು ತಾಗುವ ಹಾಗೆ ಹೇಳಿ ಎಂದು ಅವಳು ಕಲಿಸಿದಳು. ಅರ್ಥ ಕೇಳಿದರು. ನಮ್ಮ ಕಡೆ ಮದುವೆಯ ದಿನ ಗಂಡು ಹೆಣ್ಣಿಗೆ ಆಕಾಶದಲ್ಲಿ ತೋರಿಸುವ ನಕ್ಷತ್ರ ಎಂದಳು.

"ಆ ಗುಡ್ಡದಿಂದ ಕಾಣುತ್ತದೆಯೇ?"

"ಇಲ್ಲ. ಅದು ತೀರಾ ಉತ್ತರದ ನಕ್ಷತ್ರ. ಅಲ್ಲಿಗೆ ಯಾವತ್ತೂ ಕಾಣುವುದಿಲ್ಲ."

"ಹಾಗಾದರೆ ಅಲ್ಲಿಗೂ ಒಂದು ಇರಲಿ," ಎಂದರು ಐವಿಂಡ್.

ಸಮಿತಿ ಜೂನಿನಲ್ಲಿ ಸೇರಿತು. ಒಬ್ಬರು ಹೆಸರು ಉದ್ದವಾಯಿತು ಎಂದರಂತೆ. ಐವಿಂಡ್ ತಮ್ಮ ದೇಶದ ಅದಕ್ಕಿಂತ ಉದ್ದದ ನಾಲ್ಕಾರು ಹೆಸರುಗಳನ್ನು ಓದಿ ಅವರ ಬಾಯಿ ಮುಚ್ಚಿಸಿದರಂತೆ. ಹೆಸರು ಗಟ್ಟಿಯಾಯಿತು: ಅರುಂಧತಿ ಗುಡ್ಡ. ಜಗತ್ತಿನ ಎಲ್ಲ ದೇಶಗಳ ಧ್ರುವದ ನಕ್ಷೆಗಾರರು ನೋಡುವ ಹೆಸರುಗಳ ಕೋಶದಲ್ಲಿ ಅದರ ಅಕ್ಷಾಂಶ, ರೇಖಾಂಶ, ಎತ್ತರ, ಜೊತೆಗೆ ಒಂದು ವಾಕ್ಯ: ಇದರ ಇರುವಿಕೆಯನ್ನು ನೆರಳಿನಿಂದ ಸಾಧಿಸಿ ತೋರಿಸಿದ ಸಿಂಗಾಪುರದ ನಕ್ಷೆಗಾರ್ತಿಯ ಹೆಸರು. ಬಡಗಿ ಹಾಲ್ವರ್‌ಸನ್ ಕೂಡ ತನ್ನ ನಿಜವಾದ ಜಾಗಕ್ಕೆ ಬಂದ. ಅರುಂಧತಿಗೆ ಆ ಬಗ್ಗೆ ತನ್ನ ಗುಡ್ಡದಷ್ಟೇ ಸಮಾಧಾನ. "ಪಾಪ, ಅರವತ್ತು ವರ್ಷ ಯಾರದೋ ಜಾಗದಲ್ಲಿ ಕೂತಿದ್ದ," ಎನ್ನುತ್ತಾಳೆ.

ಬಿಶಾನ್ ಲೈಬ್ರರಿಯಲ್ಲಿ ಮಕ್ಕಳಿಗೆ ಮಾತಾಡಲು ಅವಳನ್ನು ಕರೆದಿದ್ದರು. ನಾನು ರಜೆ ಹಾಕಿ ಹೋಗಿದ್ದೆ. ಒಬ್ಬ ಹುಡುಗಿ ಎದ್ದು, "ಆಂಟಿ, ನೀವು ಅಲ್ಲಿಗೆ ಹೋಗಿದ್ದೀರಾ?" ಎಂದು ಕೇಳಿದಳು. ಇಲ್ಲ ಎಂದಳು. "ಹೋಗ್ಬೇಕು ಅಂತ ಅನ್ಸಲ್ವಾ?" "ಅನ್ಸುತ್ತೆ. ಆದ್ರೆ ಹೋದವರಿಗೆ ಅದು ಕಾಣಿಸಿರ್ಲಿಲ್ಲ, ನಂಗೆ ಕಾಣಿಸ್ತು. ಅಷ್ಟು ಸಾಕು ಅಂತಾನೂ ಅನ್ಸುತ್ತೆ," ಎಂದಳು. ನಾಚಿಕೆಯಿಲ್ಲ, ಸಂಕೋಚವಿಲ್ಲ. ಇದು ನನಗೆ ಅವಳಲ್ಲಿ ಬಹಳ ಇಷ್ಟವಾದದ್ದು. ಹೊಗಳಿದರೆ ಅಯ್ಯೋ ನನ್ನದೇನಿದೆ ಎನ್ನುವ ಚಾಳಿ ನಮ್ಮ ಹೆಂಗಸರಿಗೆ ಹುಟ್ಟಿನಿಂದ ಬಂದಿರುತ್ತದೆ. ಅವಳು ನೆಟ್ಟಗೆ ನಿಂತು, ಹೌದು, ನಾನೇ ಮಾಡಿದ್ದು ಎನ್ನುತ್ತಾಳೆ.

ಅಚ್ಚಾದ ನಕ್ಷೆ ಉದ್ದನೆಯ ರಟ್ಟಿನ ಕೊಳವೆಯಲ್ಲಿ ಸುತ್ತಿಕೊಂಡು ಬಂದದ್ದು ಒಂದು ಶನಿವಾರ. ನಮ್ಮನ್ನೂ ಕರೆದರು. ಊಟದ ಮೇಜಿನ ಮೇಲೆ ಬಿಡಿಸಿ, ಸುರುಳಿಯಾಗದಂತೆ ಮೂಲೆಗಳಿಗೆ ಸ್ಟೀಲಿನ ಡಬ್ಬಿಗಳನ್ನು ಇಟ್ಟರು. ದಿವಾಕರ ಓದುವ ಕನ್ನಡಕ ಹಾಕಿಕೊಂಡು ಬಗ್ಗಿ ಹುಡುಕಿದರು. ತಾವೇ ಹುಡುಕಬೇಕು, ಯಾರೂ ತೋರಿಸಬಾರದು ಎಂದರು. ಸಿಕ್ಕಿದಾಗ ಕೂಗಿದ ಕೂಗಿಗೆ ಎದುರು ಮನೆಯವರು ಬಾಗಿಲು ತೆಗೆದು ನೋಡಿದರು. ಅವರನ್ನೂ ಒಳಗೆ ಕರೆದು ತೋರಿಸಿದರು.

ವರ್ಣಿಕಾ ಮೈಸೂರಿಗೆ ವಿಡಿಯೋ ಕಾಲ್ ಮಾಡಿ, ಸೋದರಮಾವನ ಮನೆಯಲ್ಲಿರುವ ಅಜ್ಜಿಗೆ, ಅಂದರೆ ಅರುಂಧತಿಯ ತಾಯಿಗೆ, ಕಾಣುವಂತೆ ಫೋನನ್ನು ನಕ್ಷೆಯ ಮೇಲೆ ಹಿಡಿದಳು.

"ಕಾಣ್ತಿದ್ಯಾ ಅಜ್ಜಿ? ಇಲ್ಲಿ, ಇಲ್ಲಿ, ಅಮ್ಮನ ಹೆಸರು!"

"ಕಾಣ್ತಿದೆ ಕಣೇ. ಇಂಗ್ಲಿಷ್ ಅಕ್ಷರ. ಸರಿಯಾಗಿ ಬರ್ದಿದ್ದಾರಾ? ಎಚ್ ಹಾಕಿದ್ದಾರಾ?"

"ಹಾಕಿದ್ದಾರೆ ಅಮ್ಮ," ಎಂದಳು ಅರುಂಧತಿ.

"ಎಷ್ಟು ದೊಡ್ಡದೇ ನಿನ್ನ ಗುಡ್ಡ? ಚಾಮುಂಡಿ ಬೆಟ್ಟದಷ್ಟಿದ್ಯಾ?"

"ಇಲ್ಲಮ್ಮ, ಅದರಲ್ಲಿ ಅರ್ಧ. ಹೊರಗೆ ಕಾಣೋದು ಅಷ್ಟೇ. ಹಿಮದ ಕೆಳಗೆ ಎಷ್ಟಿದೆ ಅಂತ ಇನ್ನೂ ಯಾರೂ ಅಳೆದಿಲ್ಲ."

"ಅದನ್ನೂ ನೀನೇ ಅಳೆ," ಎಂದರು ಅಜ್ಜಿ. ಆಮೇಲೆ ನಕ್ಷೆಯ ಮಾತು ಬಿಟ್ಟು, ಊಟ ಆಯಿತಾ, ಏನು ಅಡಿಗೆ ಎಂದು ಕೇಳಿದರು. ಅರುಂಧತಿ ಫೋನ್ ಹಿಡಿದುಕೊಂಡು, ನುಗ್ಗೆಕಾಯಿ ಹುಳಿ ಎಂದು ಹೇಳುತ್ತಾ ಅಡಿಗೆಮನೆಗೆ ಹೋದಳು. ದಿವಾಕರ ಇನ್ನೂ ಮೇಜಿನ ಮೇಲೆ ಬಗ್ಗಿಕೊಂಡು, ಎದುರು ಮನೆಯ ಅಂಕಲ್‌ಗೆ ಧ ಅಕ್ಷರ ಹೇಳಿಕೊಡುತ್ತಿದ್ದರು.